ಅಪ್ಪ ಕಿವಿ ಮಿಷನ್ ತೆಗೆದಿಡುವ ಗಾಡಿ

ನಮ್ಮದು ಸಕಲೇಶಪುರದ ಕಡೆ ಒಂದು ಸಣ್ಣ ಕಾಫಿ ತೋಟ. ಗಾಡಿ ಡಬಲ್ ಕ್ಯಾಬ್ ಪಿಕಪ್, ಡೀಸೆಲ್, ಫೋರ್ ವೀಲ್ ಡ್ರೈವ್, ಆರು ವರ್ಷ ಹಳೆಯದು, 92 ಸಾವಿರ ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ. ಈ ಜಾತಿಯ ಗಾಡಿಗಳೆಲ್ಲ ಹೆಚ್ಚು ಕಡಿಮೆ ಹೀಗೇ, ಲೋಡ್ ಹೊರೋಕೆ ಮಾಡಿದ್ದು, ಮನೆಯವರನ್ನು ಕೂರಿಸೋದು ಆಮೇಲಿನ ಯೋಚನೆ. ವಾರವೆಲ್ಲ ಗೊಬ್ಬರ, ಮೆಣಸು, ಡೀಸೆಲ್ ಕ್ಯಾನು ಹೊರುವ ಅದೇ ಗಾಡಿಯಲ್ಲಿ ಎರಡು ತಿಂಗಳಿಗೊಮ್ಮೆ ಅಪ್ಪನನ್ನು ಕೂರಿಸಿಕೊಂಡು ಬೆಂಗಳೂರಿಗೆ, ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಸುಮಾರು 220 ಕಿಲೋಮೀಟರ್, ನಾಲ್ಕೂವರೆ ಗಂಟೆ.

ಅಪ್ಪನಿಗೆ ಕಿವಿ ಮಂದ, ಮಿಷನ್ ಹಾಕುತ್ತಾರೆ. ಮನೆಯಲ್ಲಿ ಚೆನ್ನಾಗೇ ಕೇಳುತ್ತದೆ. ಗಾಡಿ ಹತ್ತಿ ಹೆದ್ದಾರಿ ಸೇರಿ ವೇಗ 60 ದಾಟಿತೋ ಇಲ್ಲವೋ, ಮಿಷನ್ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಬಿಡುತ್ತಾರೆ. ಕೇಳಿದರೆ, 'ತಲೆಯೊಳಗೆ ಅಕ್ಕಿ ಗಿರಣಿ ಓಡಿದ ಹಾಗೆ ಆಗುತ್ತೆ ಮಾರಾಯ' ಅಂತಾರೆ. ಮಿಷನ್ನು ಮಾತನ್ನೂ ದೊಡ್ಡದು ಮಾಡುತ್ತೆ, ರಸ್ತೆ ಶಬ್ದವನ್ನೂ ದೊಡ್ಡದು ಮಾಡುತ್ತೆ. ಹಾಗಾಗಿ ಹಾಸನದಿಂದ ನೆಲಮಂಗಲದವರೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅವರು ಕಿಟಕಿ ನೋಡುತ್ತಾರೆ, ನಾನು ರಸ್ತೆ ನೋಡುತ್ತೇನೆ.

ಹೋದ ಮೇ ತಿಂಗಳಲ್ಲಿ ಇದಕ್ಕೊಂದು ಗತಿ ಕಾಣಿಸೋಣ ಅಂತ ಹೊರಟೆ. ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಗಾಡಿ ನಿಲ್ಲಿಸಿ ನಾಲ್ಕೂ ಬಾಗಿಲಿಗೆ ಡ್ಯಾಂಪಿಂಗ್ ಶೀಟ್, ಅಂದ್ರೆ ತಗಡಿನ ನಡುಕ ನಿಲ್ಲಿಸುವ ಹಾಳೆ, ಅಂಟಿಸಿಕೊಂಡು ಬಂದೆ, 18,500 ರೂಪಾಯಿ. ಅಂಗಡಿಯವನು ಬಾಗಿಲು ಹಾಕಿ ತೋರಿಸಿದ. ಮೊದಲು ತಗಡಿನ ಡಬ್ಬದ ಹಾಗೆ 'ಟಣ್' ಅಂತಿದ್ದದ್ದು ಈಗ ದೊಡ್ಡ ಕಾರಿನ ಹಾಗೆ 'ಧಪ್' ಅಂತು. ನನಗೂ ಖುಷಿಯಾಯಿತು. ಕುಣಿಗಲ್ ದಾಟುವ ಹೊತ್ತಿಗೆ ಖುಷಿ ಇಳಿಯಿತು. ಬಾಗಿಲು ಹಾಕುವ ಶಬ್ದ ಬದಲಾಗಿತ್ತು ಅಷ್ಟೇ, ಓಡುವಾಗಿನ ಗುಂಯ್ ಅನ್ನೋದು ಹಾಗೇ ಇತ್ತು. ಸಾಲದು ಅಂತ ಜುಲೈ ಮಳೆಯಲ್ಲಿ ಹಿಂದಿನ ಎಡ ಬಾಗಿಲೊಳಗೆ ನೀರು ಗಳಗಳ ಅನ್ನೋಕೆ ಶುರುವಾಯಿತು. ಬಾಗಿಲ ಅಡಿಯಲ್ಲಿ ನೀರು ಸೋರಿಹೋಗಲು ಸಣ್ಣ ಸೀಳುಗಳಿರುತ್ತವಲ್ಲ, ಶೀಟ್ ಅಂಟಿಸುವಾಗ ಅದರ ಮೇಲೇ ಅಂಟಿಸಿಬಿಟ್ಟಿದ್ದರು. ಬ್ಲೇಡ್ ಹಿಡಿದು ಬಿಡಿಸಿದಾಗ ಎರಡು ಲೋಟದಷ್ಟು ಕೆಂಪು ನೀರು ಬಂತು. ಇನ್ನೊಂದು ಮಳೆಗಾಲ ಕಳೆದಿದ್ದರೆ ಬಾಗಿಲೇ ತುಕ್ಕು ಹಿಡಿಯುತ್ತಿತ್ತು.

ಆ ನೀರು ನೋಡಿದ ಮೇಲೆ ಬುದ್ಧಿ ಬಂತು. ಶಬ್ದ ಎಲ್ಲಿಂದ ಬರುತ್ತಿದೆ ಅಂತ ಗೊತ್ತಿಲ್ಲದೆ ಎಲ್ಲಿಗೆ ಅಂಟಿಸೋದು?

ಮೊದಲು ಅಳತೆ. ಫೋನಿಗೆ ಶಬ್ದ ಅಳೆಯುವ ಆ್ಯಪ್ ಹಾಕಿದೆ. ಫೋನಿನ ಅಂಕಿ ಕರಾರುವಾಕ್ಕಲ್ಲ, ಆದರೆ ಅದೇ ಫೋನು, ಅದೇ ಜಾಗ, ಅದೇ ರಸ್ತೆ, ಅದೇ ವೇಗ ಇಟ್ಟುಕೊಂಡರೆ ಹೆಚ್ಚು ಕಡಿಮೆ ಆಗಿದ್ದು ಗೊತ್ತಾಗುತ್ತೆ. ಅಪ್ಪನ ಸೀಟಿನ ತಲೆದಿಂಬಿಗೆ ಫೋನನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಹಿರೀಸಾವೆ ಕಡೆ ಹೋಗುವಾಗ ಒಂದು ನೇರ ಸಮತಟ್ಟು ಜಾಗ ಇದೆ, ಅದನ್ನೇ ನನ್ನ ಪರೀಕ್ಷೆಯ ಮೈದಾನ ಮಾಡಿಕೊಂಡೆ. 80ರ ವೇಗ, ಎಸಿ ಬಂದ್, ಕಿಟಕಿ ಬಂದ್. 75 ಡೆಸಿಬಲ್ ತೋರಿಸಿತು. ಡೆಸಿಬಲ್ ಲೆಕ್ಕ ಸ್ವಲ್ಪ ವಿಚಿತ್ರ. 3 ಕಡಿಮೆಯಾದರೆ ಶಬ್ದದ ಶಕ್ತಿ ಅರ್ಧ ಆದ ಹಾಗೆ, ಆದರೆ ಕಿವಿಗೆ 'ಸ್ವಲ್ಪ ಇಳಿದಿದೆ' ಅನ್ನಿಸುತ್ತೆ ಅಷ್ಟೇ. ಕಿವಿಗೆ ಅರ್ಧ ಅನ್ನಿಸಬೇಕಾದರೆ ಸುಮಾರು 10 ಇಳಿಯಬೇಕು. ಅಂದ್ರೆ 75ರಿಂದ 65. ಅಷ್ಟು ಆಸೆ ನನಗೂ ಇರಲಿಲ್ಲ.

ಆಮೇಲೆ ಒಂದೊಂದನ್ನೇ ಬೇರೆ ಮಾಡುವ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 80ಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿದೆ. ಎಂಜಿನ್ ಆರಿಸಬಾರದು, ಆರಿಸಿದರೆ ಬ್ರೇಕೂ ಸ್ಟೀರಿಂಗೂ ಕಲ್ಲಾಗುತ್ತವೆ, ಘಾಟಿಯಲ್ಲಂತೂ ಈ ಆಟ ಬೇಡವೇ ಬೇಡ. ನ್ಯೂಟ್ರಲ್‌ಗೆ ಬಂದಾಗ ಎಂಜಿನ್ ಗೊರಗೊರ ಇಳಿಯಿತು, ಗುಂಯ್ ಮಾತ್ರ ಒಂದು ಚೂರೂ ಇಳಿಯಲಿಲ್ಲ. ಹಾಗಾದರೆ ಎಂಜಿನ್ ಅಲ್ಲ. ಮುಂದಿನ ವಾರ ಉಪ್ಪಿನಂಗಡಿಗೆ ಹೋಗೋದಿತ್ತು. ಶಿರಾಡಿ ಘಾಟಿಯ ಕಾಂಕ್ರೀಟ್ ಮೇಲೆ ಹತ್ತಿದ ಕೂಡ್ಲೇ 50ರ ವೇಗಕ್ಕೇ ಶಬ್ದ ಏರಿತು, ಒಳ್ಳೇ ಡಾಂಬರು ಸಿಕ್ಕ ಕೂಡ್ಲೇ ಇಳಿಯಿತು. ರಸ್ತೆಯ ಮೈ ಬದಲಾದಾಗ ಬದಲಾಗುವ ಶಬ್ದ ಟೈರಿಂದು, ಅದರಲ್ಲಿ ಅನುಮಾನ ಇಲ್ಲ. ಆದರೆ ಎಲ್ಲವೂ ಟೈರಲ್ಲ. ಒಳ್ಳೇ ಡಾಂಬರಿನ ಮೇಲೂ ಉಳಿದುಕೊಳ್ಳುವ ಒಂದು 'ವ್ವುಂ ವ್ವುಂ', ಮತ್ತೆ 90ರ ಮೇಲೆ ಒಂದು ಸಿಳ್ಳೆ, ಇವೆರಡು ಬೇರೆ.

ಸಿಳ್ಳೆ ಗಾಳಿಯದ್ದು. ಅದಕ್ಕೆ ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ತಂದೆ. ಬಾಗಿಲ ಸಂದು, ಕನ್ನಡಿಯ ಬುಡ, ಗಾಜಿನ ಅಂಚು, ಎಲ್ಲಕ್ಕೂ ಟೇಪ್ ಸುತ್ತಿ, ಡ್ರೈವರ್ ಬಾಗಿಲಿನಿಂದ ಮಾತ್ರ ಒಳಗೆ ಹೋಗಿ ಹೊರಟೆ. ಶಾಂತಿಗ್ರಾಮದ ಟೋಲ್‌ನಲ್ಲಿದ್ದ ಹುಡುಗ 'ಪೇಂಟಿಂಗ್‌ಗಾ ಸಾರ್?' ಅಂದ. ಹೌದು ಅಂದುಬಿಟ್ಟೆ, ವಿವರಿಸೋದು ಕಷ್ಟ ಅಲ್ವಾ. ಟೇಪ್ ಇದ್ದಾಗ ಸಿಳ್ಳೆ ಇಲ್ಲ. ಒಂದೊಂದೇ ಕಡೆ ಕಿತ್ತುಕೊಂಡು ಮತ್ತೆ ಓಡಿಸುತ್ತಾ ಹೋದಾಗ ಅಪ್ಪ ಕೂರುವ ಬಾಗಿಲಿನ ಮೇಲಿನ ಹಿಂಭಾಗದ ಮೂಲೆಯಲ್ಲಿ ಸಿಕ್ಕಿಬಿತ್ತು. ನೂರು ರೂಪಾಯಿ ನೋಟನ್ನು ರಬ್ಬರ್ ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ ಎಳೆದು ನೋಡಿದೆ. ಬೇರೆ ಕಡೆಯೆಲ್ಲ ನೋಟು ಹಿಡಿದುಕೊಳ್ಳುತ್ತೆ, ಆ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬಾಗಿಲು ಕಚ್ಚಿಕೊಳ್ಳುವ ಕೊಂಡಿಯ ಎರಡು ಸ್ಕ್ರೂ ಸಡಿಲಿಸಿ ಒಂದು ಮಿಲಿಮೀಟರಿನಷ್ಟು ಒಳಗೆ ಸರಿಸಿದೆ. ಸಿಳ್ಳೆ ನಿಂತಿತು. ಖರ್ಚು ಟೇಪಿನದ್ದು ಮಾತ್ರ.

ಇನ್ನು ಟೈರು. ನಮ್ಮದು ಆಲ್ ಟೆರೇನ್, ದೊಡ್ಡ ಬಿಲ್ಲೆಗಳ ಟೈರು. ಹಿಂದಿನ ಟೈರಿನ ಬಿಲ್ಲೆಗಳ ಮೇಲೆ ಅಂಗೈ ಸವರಿದೆ. ಮುಂದಕ್ಕೆ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಗರಗಸದ ಹಾಗೆ ಚರಚರ. ಬಿಲ್ಲೆಯ ಒಂದು ಅಂಚು ಹೆಚ್ಚು ಸವೆದು ಇನ್ನೊಂದು ಅಂಚು ಎದ್ದು ನಿಂತರೆ ಹೀಗಾಗುತ್ತೆ, ಪ್ರತಿ ಬಿಲ್ಲೆಯೂ ರಸ್ತೆಯನ್ನು ಬಡಿಯುತ್ತಾ ಹೋಗುತ್ತೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನದು ಮುಂದೆ ಮುಂದಿನದು ಹಿಂದೆ ಮಾಡಬೇಕಿತ್ತು, ನಾನು 28 ಸಾವಿರ ಓಡಿಸಿದ್ದೆ. ಅದಕ್ಕಿಂತ ನಾಚಿಕೆಯ ವಿಷಯ ಗಾಳಿಯದು. ಕಾಫಿ ಚೀಲ ಹೇರುವಾಗ ಹಿಂದಿನ ಟೈರಿಗೆ 45 ಪಿಎಸ್ಐ ಹಾಕಿಸಿದ್ದೆ, ಖಾಲಿ ಗಾಡಿಯಲ್ಲಿ ಬೆಂಗಳೂರಿಗೆ ಹೋಗುವಾಗಲೂ ಅದೇ 45. ಖಾಲಿ ಪಿಕಪ್ಪಿನ ಹಿಂಭಾಗಕ್ಕೆ ತೂಕವೇ ಇಲ್ಲ, ಮೊದಲೇ ಪಟ್ಟಿ ಸ್ಪ್ರಿಂಗು, ಅದರ ಮೇಲೆ ಕಲ್ಲಿನಂಥ ಟೈರು. ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ಖಾಲಿ ಗಾಡಿಗೆ ಹೇಳಿದಷ್ಟಕ್ಕೆ ಇಳಿಸಿ, ಟೈರು ಅದಲು ಬದಲು ಮಾಡಿಸಿದೆ. 75 ಇದ್ದದ್ದು 73 ಆಯಿತು. ದೊಡ್ಡ ಬಿಲ್ಲೆ ಇಲ್ಲದ ಹೈವೇ ಟೈರು ಹಾಕಿದರೆ ಇನ್ನೂ ಇಳಿಯುತ್ತೆ ಅಂತ ಟೈರಿನವನು ಹೇಳಿದ. ಇಳಿಯುತ್ತೆ, ನಿಜ. ಜೂನ್ ತಿಂಗಳಲ್ಲಿ ನಮ್ಮ ತೋಟದ ಏರಿನಲ್ಲಿ ಅವನು ಬಂದು ಗಾಡಿ ನೂಕುತ್ತಾನಾ?

'ವ್ವುಂ ವ್ವುಂ' ಹಿಡಿದಿದ್ದು ನಮ್ಮೂರಿನ ಮೆಕ್ಯಾನಿಕ್. ನಾನು ಹೇಳಿದ್ದು ಇಷ್ಟೇ, ಎಡಕ್ಕೆ ತಿರುವಿದ್ದಾಗ ಜಾಸ್ತಿಯಾಗುತ್ತೆ, ಬಲಕ್ಕೆ ತಿರುಗಿದಾಗ ಸುಮ್ಮನಾಗುತ್ತೆ ಅಂತ. 'ಎಡಕ್ಕೆ ತಿರುಗಿದರೆ ಭಾರ ಎಲ್ಲಿಗೆ ಹೋಗುತ್ತೆ?' ಅಂದ. ಬಲಕ್ಕೆ. 'ಮತ್ತೆ ಬಲಗಡೆ ಬೇರಿಂಗ್ ನೋಡೋಣ.' ಜಾಕ್ ಹಾಕಿ ಚಕ್ರ ಎತ್ತಿ ಒಂದು ಕೈಯಲ್ಲಿ ಚಕ್ರ ತಿರುಗಿಸಿದ, ಇನ್ನೊಂದು ಕೈ ಸ್ಪ್ರಿಂಗ್ ಮೇಲಿಟ್ಟ. ಆಮೇಲೆ ನನ್ನ ಕೈ ಹಿಡಿದು ಅಲ್ಲೇ ಇಡಿಸಿದ. ಎಡಗಡೆ ಸ್ಪ್ರಿಂಗ್ ಮೌನ. ಬಲಗಡೆ ಸ್ಪ್ರಿಂಗಿನಲ್ಲಿ ರಾಗಿ ಬೀಸುವ ಕಲ್ಲಿನ ಹಾಗೆ ಸಣ್ಣ ಗರಗರ ಬೆರಳಿಗೆ ಬಂತು. ಕಿವಿಗೆ ಏನೂ ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತೆ. ಬೇರಿಂಗ್ ಬದಲಾಯಿಸಿದೆವು. ಅದು ಶಬ್ದದ ವಿಷಯ ಮಾತ್ರ ಅಲ್ಲ, ಹಾಗೇ ಬಿಟ್ಟಿದ್ದರೆ ಅಪಾಯ ಇತ್ತು.

ಇಷ್ಟಾದರೂ ಫೋನು 72ರ ಕೆಳಗೆ ಇಳಿಯಲಿಲ್ಲ. ಅಪ್ಪ ಹಾಸನದ ಬೈಪಾಸ್‌ವರೆಗೆ ಮಿಷನ್ ಇಟ್ಟುಕೊಂಡಿದ್ದರು, ಆಮೇಲೆ ಜೇಬಿಗೆ.

ಇನ್ನೊಂದು ಅನುಮಾನ ಇತ್ತು. 80ರಲ್ಲಿ ಎದೆಗೆ ಒತ್ತಿದ ಹಾಗೆ ಒಂದು ದಪ್ಪ ಶಬ್ದ, ಕೇಳುವುದಕ್ಕಿಂತ ಹೆಚ್ಚಾಗಿ ಮೈಗೆ ಗೊತ್ತಾಗುವಂಥದ್ದು. ಫೋನು ಅದನ್ನು ತೋರಿಸುತ್ತಲೇ ಇರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಆ್ಯಪ್ 'ಎ' ಮಾಪಕದಲ್ಲಿ ಅಳೆಯುತ್ತಿತ್ತು. ಮನುಷ್ಯನ ಕಿವಿಗೆ ದಪ್ಪ ಶಬ್ದ ಕಡಿಮೆ ಕೇಳುತ್ತೆ ಅಂತ ಅದು 40 ಹರ್ಟ್ಸ್ ಹತ್ತಿರದ, ಅಂದ್ರೆ ಸೆಕೆಂಡಿಗೆ 40 ಸಲ ನಡುಗುವ ಶಬ್ದದಿಂದ ಸುಮಾರು 35 ಡೆಸಿಬಲ್ ಕಳೆದೇ ತೋರಿಸುತ್ತೆ. ದಪ್ಪ ಶಬ್ದವನ್ನು ಅಷ್ಟಾಗಿ ಕಳೆಯದ 'ಸಿ' ಮಾಪಕಕ್ಕೆ ಹಾಕಿ, ಯಾವ ಸ್ವರ ಎಷ್ಟಿದೆ ಅಂತ ಗೆರೆ ಎಳೆಯುವ ಇನ್ನೊಂದು ಆ್ಯಪ್ ಓಡಿಸಿದೆ. 39 ಹರ್ಟ್ಸ್ ಹತ್ತಿರ ತೆಂಗಿನ ಮರದ ಹಾಗೆ ಒಂದು ಗೆರೆ ಎದ್ದು ನಿಂತಿತು. ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಟೈರು 245/70 ಆರ್16, ಒಂದು ಸುತ್ತಿಗೆ ಸುಮಾರು 2.35 ಮೀಟರ್. 80ರ ವೇಗದಲ್ಲಿ ಸೆಕೆಂಡಿಗೆ 22.2 ಮೀಟರ್, ಅಂದ್ರೆ ಚಕ್ರ ಸೆಕೆಂಡಿಗೆ ಒಂಬತ್ತೂವರೆ ಸುತ್ತು. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ಲಿನ ಗೇರ್ ಅನುಪಾತ 4.1, ಅಂದ್ರೆ ಚಕ್ರ ಒಂದು ಸುತ್ತು ಹಾಕಿದರೆ ಅದನ್ನು ತಿರುಗಿಸುವ ಶಾಫ್ಟ್ 4.1 ಸುತ್ತು. ಗುಣಿಸಿದರೆ 39! ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ ಅಷ್ಟೇ ಸುತ್ತು ತಿರುಗುತ್ತೆ. ಆ ರಾತ್ರಿ ನನಗಾದ ಖುಷಿ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಬೆಳಿಗ್ಗೆ ಗಾಡಿ ಅಡಿಗೆ ನುಗ್ಗಿ ನೋಡಿದರೆ ಶಾಫ್ಟಿನ ಒಂದು ಮಗ್ಗುಲಿಗೆ ತೋಟದ ಕೆಂಪು ಮಣ್ಣು ಹೆಂಟೆಯಾಗಿ ಒಣಗಿ ಕೂತಿತ್ತು, ಸಿಮೆಂಟ್ ಮೆತ್ತಿದ ಹಾಗೆ. ಅದೇ ಶಾಫ್ಟ್ ತೂಕ ತಪ್ಪಿಸುತ್ತಿದ್ದದ್ದು. ಬಟ್ಟೆ ಒಗೆಯುವ ಬ್ರಷ್ಷು, ನೀರು, ಹತ್ತು ನಿಮಿಷ. ರಿಮ್ಮುಗಳ ಒಳಗಡೆಯೂ ಮಣ್ಣಿತ್ತು, ತೊಳೆದೆ. ಜಾಯಿಂಟುಗಳಿಗೆ ಗ್ರೀಸ್ ಹೊಡೆದೆ. ಎದೆ ಒತ್ತುವುದು ಮಾಯ. ಗಾಡಿಯ ಮೇಲ್ಭಾಗವನ್ನು ವಾರಕ್ಕೊಮ್ಮೆ ಹೊಳೆಯುವ ಹಾಗೆ ತೊಳೆಯುತ್ತಿದ್ದ ನಾನು ಅಡಿಭಾಗ ನೋಡಿದ್ದು ವರ್ಷಗಳ ಮೇಲೆ.

ಆದರೂ 72. 'ಎ' ಮಾಪಕದಲ್ಲಿ ಶಾಫ್ಟಿನ ಶಬ್ದ ಮೊದಲೂ ಲೆಕ್ಕಕ್ಕಿರಲಿಲ್ಲ, ಹಾಗಾಗಿ ಅಂಕಿ ಇಳಿಯೋದೂ ಇಲ್ಲ. ಟೈರಿನ ಸದ್ದು ಕ್ಯಾಬಿನೊಳಗೆ ಎಲ್ಲಿಂದಲೋ ನುಗ್ಗುತ್ತಿದೆ. ಮುಂದೆ ಕೂತವರಿಗೆ ಅದು ಬೆನ್ನ ಹಿಂದಿನಿಂದ ಬಂದ ಹಾಗೆ ಕೇಳುತ್ತೆ.

ಇದಕ್ಕೆ ನಾನು ಮಾಡಿದ ಉಪಾಯ ಹೇಳುತ್ತೇನೆ, ನಗಬೇಡಿ. ಒಂದು ಬ್ಲೂಟೂತ್ ಸ್ಪೀಕರನ್ನು ಕ್ಯಾಬಿನೊಳಗೆ ಇಟ್ಟು, ಹಳೇ ರೇಡಿಯೋ ಸ್ಟೇಷನ್ ಸಿಗದಿದ್ದಾಗ ಬರುವಂಥ 'ಶ್ಶ್' ಶಬ್ದ ಜೋರಾಗಿ ಹಾಕಿ, ಎಲ್ಲಾ ಬಾಗಿಲು ಮುಚ್ಚಿದೆ. ಹೊರಗಡೆ ನಿಂತು, ಒಂದು ಮೀಟರ್ ಉದ್ದದ ನೀರಿನ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಗಾಡಿಯ ಸಂದು ಸಂದಿಗೆ. ಒಳಗಿನ ಶಬ್ದ ಹೊರಗೆ ಬರುವ ದಾರಿಯಲ್ಲೇ ಹೊರಗಿನದು ಒಳಗೆ ಹೋಗುತ್ತೆ. ಮೊದಲ ದಿನ ಸಂಜೆ ಶುರು ಮಾಡಿದೆ, ಜೀರುಂಡೆಗಳು ಎಲ್ಲಾ ಸೇರಿ ನನ್ನ ಸ್ಪೀಕರನ್ನೇ ಮುಳುಗಿಸಿಬಿಟ್ಟವು. ಮರುದಿನ ಮಧ್ಯಾಹ್ನ ಶೆಡ್ಡಿನೊಳಗೆ ನಿಲ್ಲಿಸಿ ಮತ್ತೆ ಮಾಡಿದೆ. ಬಾಗಿಲ ಸುತ್ತ ಸಣ್ಣಗೆ ಕೇಳುತ್ತೆ, ಪರವಾಗಿಲ್ಲ. ಗಾಜು, ಪರವಾಗಿಲ್ಲ. ಕ್ಯಾಬಿನ್ನಿಗೂ ಹಿಂದಿನ ಲೋಡ್ ತೊಟ್ಟಿಗೂ ನಡುವೆ ಒಂದು ಗೇಣಿನಷ್ಟೂ ಇಲ್ಲದ ಸಂದಿದೆ, ಅಲ್ಲಿ ಪೈಪ್ ಇಳಿಬಿಟ್ಟೆ. ಎಡ ಮೂಲೆಗೆ ಬಂದಾಗ ಕಿವಿಗೆ ಯಾರೋ ಊದಿದ ಹಾಗೆ 'ಶ್ಶ್ಶ್' ಅಂತ ಬಂತು. ಬೆಚ್ಚಿ ಪೈಪ್ ತೆಗೆದುಬಿಟ್ಟೆ.

ಹಿಂದಿನ ಸೀಟಿನ ಬೆನ್ನು ಬಿಚ್ಚಿದೆ, ನಾಲ್ಕು ಬೋಲ್ಟು. ಕಾರ್ಪೆಟ್ಟಿನ ಹಿಂದೆ ಬರೀ ತಗಡು, ಅದರಲ್ಲಿ ಎರಡು ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಜಾಲರಿ. ಇದು ಗಾಳಿ ಹೊರಗೆ ಹೋಗುವ ಕಿಂಡಿ. ಬಾಗಿಲು ಜೋರಾಗಿ ಹಾಕಿದಾಗ ಕ್ಯಾಬಿನೊಳಗಿನ ಗಾಳಿಗೆ ದಾರಿ ಬೇಕಲ್ಲ, ಎಸಿ ಗಾಳಿಯೂ ಒಳಗೆ ಬರಬೇಕಾದರೆ ಹಳೇ ಗಾಳಿ ಎಲ್ಲಿಂದಲೋ ಹೊರಗೆ ಹೋಗಬೇಕು. ಅದಕ್ಕೆ ತೆಳ್ಳಗಿನ ನಾಲ್ಕು ರಬ್ಬರ್ ಎಲೆಗಳಿರುತ್ತವೆ, ಒಳಗಿಂದ ತಳ್ಳಿದರೆ ತೆರೆಯುತ್ತವೆ, ಆಮೇಲೆ ತಾವೇ ಮುಚ್ಚಿಕೊಳ್ಳುತ್ತವೆ. ನನ್ನ ಗಾಡಿಯಲ್ಲಿ ಒಂದು ಎಲೆ ಇರಲೇ ಇಲ್ಲ. ಇನ್ನೆರಡು ಪೂರ್ತಿ ತೆರೆದುಕೊಂಡು ಹಾಗೇ ಸೆಟೆದು ನಿಂತಿದ್ದವು. ಅವುಗಳ ಸಂದಿನಲ್ಲಿ ಮಣ್ಣಿನ ಗೂಡು! ಕಣಜ ಕಟ್ಟಿದ್ದು, ನಮ್ಮ ಕಡೆ ಕುಂಬಾರ ಹುಳ ಅಂತಾರೆ. ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಗೂಡು ಒಡೆದು ಒಣಗಿದ ಜೇಡಗಳು ಉದುರಿದವು, ಮರಿಗೆ ಅಂತ ಕೂಡಿಟ್ಟದ್ದು. ಎಷ್ಟು ಅಚ್ಚುಕಟ್ಟಾಗಿ ಕಟ್ಟಿತ್ತು ಅಂದ್ರೆ, ಬಾಗಿಲಿಗೆ ಶೀಟ್ ಅಂಟಿಸಿದವರಿಗೆ ಕರೆದು ತೋರಿಸಬೇಕು ಅನ್ನಿಸಿತು.

ಇಷ್ಟು ಚಿಕ್ಕ ಕಿಂಡಿ ಅಷ್ಟು ಶಬ್ದ ಬಿಡುತ್ತಾ ಅಂತ ಕೇಳಬಹುದು. ಒಂದು ಗೋಡೆ 40 ಡೆಸಿಬಲ್ ತಡೆಯುತ್ತೆ ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ ಒಂದು ಭಾಗ ತೂತಾದರೆ ಇಡೀ ಗೋಡೆ ತಡೆಯೋದು 20ಕ್ಕೆ ಇಳಿಯುತ್ತೆ. ಗೋಡೆಯನ್ನು ಎಷ್ಟೇ ದಪ್ಪ ಮಾಡಿ, ತೂತು ಇರುವವರೆಗೆ ಲೆಕ್ಕ ಅಲ್ಲೇ ನಿಲ್ಲುತ್ತೆ. ನನ್ನ 18,500 ರೂಪಾಯಿ ಹೋಗಿದ್ದು ಹೀಗೆ.

ಮೊದಲು ಸುಮ್ನೆ ಪೂರ್ತಿ ಟೇಪ್ ಹಾಕಿ ಮುಚ್ಚಿ ನೋಡಿದೆ. ಫೋನು 69 ತೋರಿಸಿತು. ಕುಣಿಯೋದೊಂದು ಬಾಕಿ. ಆದರೆ ಮನೆಗೆ ಬಂದು ಬಾಗಿಲು ಹಾಕಿದರೆ ಹಾಕಿಕೊಳ್ಳುತ್ತಿಲ್ಲ, ಎರಡು ಮೂರು ಸಲ ಬಡಿಯಬೇಕು, ಬಡಿದಾಗೆಲ್ಲ ಕಿವಿ ಗುಪ್ ಅನ್ನುತ್ತೆ. ಎಸಿಯೂ ಮಂಕು. ಮುಚ್ಚೋ ಹಾಗಿಲ್ಲ. ಹೊಸ ಎಲೆಗಳ ಸೆಟ್ ತರಿಸಿ ಹಾಕಿದೆ. ಅದರ ಒಳಮೈಗೆ ತೆಳು ಪ್ಲೈವುಡ್ಡಿನಲ್ಲಿ ಒಂದು ಡಬ್ಬ ಮಾಡಿ, ಗಾಳಿ ನೇರ ಹೋಗದೆ ಒಂದು ತಿರುವು ಸುತ್ತಿ ಹೋಗುವ ಹಾಗೆ ಬಾಯಿ ಬಿಟ್ಟು, ಒಳಗೆಲ್ಲ ಸ್ಪಂಜು ಅಂಟಿಸಿದೆ. ಗಾಳಿ ತಿರುವಿನಲ್ಲಿ ತಿರುಗಿ ಹೋಗುತ್ತೆ, ಶಬ್ದ ಸ್ಪಂಜಿಗೆ ಬಡಿದು ಸಾಯುತ್ತೆ. ಬಾಗಿಲು ಒಂದೇ ಸಲಕ್ಕೆ ಹಾಕಿಕೊಳ್ಳುತ್ತೆ, ಫೋನು 69ರಲ್ಲೇ ಇದೆ.

ಸೀಟು ಬಿಚ್ಚಿದ್ದೆನಲ್ಲ, ಆ ಬರೀ ತಗಡನ್ನೂ ನೋಡಿಕೊಂಡೆ. ಜೆ.ಸಿ. ರಸ್ತೆಯಿಂದ ಬ್ಯುಟೈಲ್ ಶೀಟ್ ತಂದೆ. ಇಡೀ ತಗಡು ಮುಚ್ಚುವ ಅಗತ್ಯ ಇಲ್ಲ. ಬೆರಳ ಗೆಣ್ಣಿನಲ್ಲಿ ತಟ್ಟುತ್ತಾ ಹೋಗಿ, ಎಲ್ಲಿ ಡೋಲಿನ ಹಾಗೆ ಮೊಳಗುತ್ತೋ ಅಲ್ಲಿಗೆ ಮಾತ್ರ, ಮೂರನೇ ಒಂದು ಭಾಗದಷ್ಟು ಅಂಟಿಸಿ ರೋಲರ್ ಹೊಡೆದರೆ ಸಾಕು. ಅದು ತಗಡಿನ ನಡುಕ ನಿಲ್ಲಿಸುತ್ತೆ, ಗಾಳಿಯಲ್ಲಿ ಬರುವ ಶಬ್ದ ತಡೆಯೋದು ಅದರ ಕೆಲಸ ಅಲ್ಲ. ಅದಕ್ಕೆ ಮೇಲೊಂದು ಫೋಮು, ಅದರ ಮೇಲೆ ಭಾರದ ವಿನೈಲ್ ಹಾಳೆ. ನೆಲದಲ್ಲಿ ಒಂದು ರಬ್ಬರ್ ಬುಚ್ಚು ಕಾಣೆಯಾಗಿತ್ತು, ಯಾವಾಗಲೋ ಕಾರ್ಪೆಟ್ ತೊಳೆಯುವಾಗ ನೀರು ಹೋಗಲಿ ಅಂತ ನಾನೇ ಕಿತ್ತಿದ್ದು ನೆನಪಾಯಿತು. ಬಾನೆಟ್ ಅಡಿಯ ಹೊದಿಕೆಯನ್ನು ಇಲಿ ತಿಂದಿತ್ತು, ಹೊಸದು ಹಾಕಿದೆ, ಇಲಿಯೂ ಹೊಸದು ಬರುತ್ತೆ. ಹಿಂದಿನ ಡಾಲಾ ಬಾಗಿಲು ಗಡಗಡ ಅನ್ನುತ್ತಿತ್ತು, ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಕೊಂಡಿಗೆ ಸುತ್ತಿದೆ. ಇಷ್ಟಕ್ಕೆಲ್ಲ ಸೇರಿ ಇನ್ನೊಂದು ಡೆಸಿಬಲ್. ಅದೇ ನೇರ ರಸ್ತೆ, ಅದೇ 80, ಈಗ 68. ಕಾರಿನ ಹಾಗೆ ಆಗಿಲ್ಲ. ಪಿಕಪ್ ಪಿಕಪ್ಪೇ.

ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಹೊರಟೆ. ಏನೂ ಹೇಳಲಿಲ್ಲ. ಹಾಸನ ಬಂತು, ಕೈ ಜೇಬಿಗೆ ಹೋಗಲಿಲ್ಲ. ಚನ್ನರಾಯಪಟ್ಟಣ ಬಂತು. ಬೆಳ್ಳೂರು ಕ್ರಾಸ್ ಹತ್ತಿರ ಒಬ್ಬ ಸಂಬಂಧಿಕರ ಜಾಗದ ತಕರಾರು ಶುರು ಮಾಡಿದರು, ಅದು 1980ರ ದಶಕದಿಂದ ಬರಬೇಕು, ಯಡಿಯೂರು ದಾಟಿದರೂ ಮುಗಿಯಲಿಲ್ಲ. ಕುಣಿಗಲ್ ಹತ್ತಿರ ತಟ್ಟನೆ ನಿಲ್ಲಿಸಿ, ತಲೆ ಬಾಗಿಸಿ, 'ಇದೇನು, ಟಿಕ್ ಟಿಕ್ ಅಂತಿದೆ?' ಅಂದರು.

ನನಗೆ ಕೇಳಿರಲಿಲ್ಲ. ಕಿವಿಗೊಟ್ಟರೆ ಹೌದು, ಇದೆ. ಅವರ ಸೀಟ್ ಬೆಲ್ಟು ಮೇಲಿಂದ ಬರುವ ಕಂಬದೊಳಗೆ, ಎತ್ತರ ಸರಿಸುವ ಕೊಂಡಿ ಸಡಿಲ. ಮೊದಲೂ ಇದ್ದಿರಬೇಕು, ಗುಂಯ್ ಒಳಗೆ ಮುಚ್ಚಿಹೋಗಿತ್ತು. ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನಿಲ್ಲುತ್ತೆ, ನೆಲಮಂಗಲದವರೆಗೂ ಅಪ್ಪ ಒತ್ತಿ ಹಿಡಿದುಕೊಂಡೇ ಮಾತಾಡಿದರು. ಆ ಕಂಬದ ಹೊದಿಕೆ ಬಿಚ್ಚಬೇಕು, ರೊಬಸ್ಟಾ ಕೊಯ್ಲು ಮುಗಿಯಲಿ.